ಬೆಟ್ಟದಾಚೆಯ ಅತಿಥಿ

ಕಸದ ಮರುಬಳಕೆ ಕಲಿಯಲೆಂದು ಹಿಮಾಲಯದಾಚೆಯಿಂದ ಎಳೆಯ ಹೆಬ್ಬಾತೊಂದು ನಮ್ಮ ಕೆರೆಗೆ ಬಂತು. ಪಾಠ ಹೇಳಬೇಕಿದ್ದ ಕಾಗೆ, ಮೊದಲು ಸನ್ಮಾನವಾಗಲಿ ಎಂದು ಮಿರುಗುವ ಪ್ಲಾಸ್ಟಿಕ್ ಹಾರವೊಂದನ್ನು ಅದರ ಕೊರಳಿಗೆ ಹಾಕಿತು. ಹೆಬ್ಬಾತು ವಂದಿಸಲು ಬಾಗಿದಾಗ ಹಾರ ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಅದು ಬಿಗಿಯಾಯಿತು. ಅತಿಥಿಯ ಕಣ್ಣು ಮೇಲಾಯಿತು. ಗೂಡು ನೇಯುವ ಗೀಜಗ ಹಾರಿಬಂದು ಒಂದೊಂದೇ ಎಳೆ ಕಡಿದು ಬಿಡಿಸಿತು.

“ಈ ದರಿದ್ರವನ್ನು ಬೆಟ್ಟದಾಚೆ ಎಸೆದು ಬರುತ್ತೇನೆ. ಆಮೇಲೆ ಪಾಠ ಶುರು ಮಾಡೋಣ,” ಎಂದ ಕಾಗೆ ಹಾರವನ್ನು ಕೊಕ್ಕಿನಲ್ಲಿ ಎತ್ತಿಕೊಂಡಿತು.

“ಗುರುಗಳೇ, ನಾನು ಬಂದದ್ದೇ ಬೆಟ್ಟದಾಚೆಯಿಂದ,” ಎಂದಿತು ಹೆಬ್ಬಾತು. “ಅಲ್ಲಿಯ ಹಿರಿಯರೂ ಬೆಟ್ಟದಾಚೆ ಎಸೆಯಿರಿ ಎಂದೇ ಹೇಳುತ್ತಾರೆ.”

ಹಾರವನ್ನು ಎಲ್ಲಿಡುವುದೆಂದು ಕಾಗೆಗೆ ತೋಚಲಿಲ್ಲ. ಅದನ್ನು ಕೆಳಗೆ ಬಿಡದೆ ಪಾಠಕ್ಕೆ ಬಾಯಿ ತೆರೆಯುವಂತೆಯೂ ಇರಲಿಲ್ಲ.