ನಾಲ್ಕು ನಿಂಬೆಹಣ್ಣಿನ ದೂರ

ಪಟ್ಟಾಭಿರಾಮಯ್ಯನವರ ತಂದೆಯ ಕಾಲದ ಕಾರಿಗೆ ರಸ್ತೆಯ ಆಸೆ ಇನ್ನೂ ಸತ್ತಿರಲಿಲ್ಲ. ಎಂದೋ ಒಮ್ಮೆ ವೈರು ಸುಟ್ಟು ಹೊಗೆ ಬಂದದ್ದೇ ನೆಪವಾಗಿ, ರಿಪೇರಿಯಾದ ಮೇಲೂ ಒಂಬತ್ತು ವರ್ಷದಿಂದ ಅದು ಶೆಡ್ಡಿನಲ್ಲೇ ನಿಂತಿತ್ತು. ಈ ಸಲ ಆಯುಧಪೂಜೆಗೆ ಮುಂಚೆ ಯಜಮಾನರು ಬೆಂಕಿ ಆರಿಸುವ ಎರಡು ಸಿಲಿಂಡರು ತರಿಸಿ, ಕಾರಿನ ಮುಂದಿಟ್ಟು, ಯಾವುದಾದೀತೆಂದು ಯೋಚಿಸುತ್ತ ನಿಂತರು.

"ನನ್ನ ಹೊಟ್ಟೆಯಲ್ಲಿ ಪುಡಿಯಿದೆ. ಎಂಥ ಬೆಂಕಿಯನ್ನೂ ಹೂತುಬಿಡುತ್ತೇನೆ," ಎಂದಿತು ದೊಡ್ಡದು.

"ಆಮೇಲೆ ನನ್ನ ಎಂಜಿನ್ನಿನ ಗತಿ?" ಎಂದು ಕಾರು ಕೇಳಿತು.

"ಪುಡಿ ಕೂತು ಹಾಳಾದೀತು. ಅದು ನನ್ನ ಚಿಂತೆಯಲ್ಲ."

ಚಿಕ್ಕದು ಮೆಲ್ಲಗೆ ಹೇಳಿತು: "ನನ್ನೊಳಗಿರುವುದು ಬರೀ ಗ್ಯಾಸು. ಬೆಂಕಿ ಆರಿಸಿ, ಗುರುತಿಲ್ಲದೆ ಹೋಗುತ್ತೇನೆ. ಆದರೆ ಅಂಥ ದಿನವೇ ಬರುವುದು ಬೇಡ, ಅಜ್ಜ. ನಿಮ್ಮ ಸೀಟಿನ ಕೆಳಗೆ ಕೂತು ಊರು ನೋಡಬೇಕು, ಅಷ್ಟೇ."

ಯಜಮಾನರೂ ಚಿಕ್ಕದನ್ನೇ ಆರಿಸಿ ಸೀಟಿನ ಕೆಳಗೆ ಬಿಗಿದರು. "ಇನ್ನು ಭಯವಿಲ್ಲ," ಎಂದು ಬಾನೆಟ್ ತಟ್ಟಿದರು. ಕಾರಿಗೆ ಹೋದ ಜೀವ ಬಂದಂತಾಯಿತು.

ಪೂಜೆಯ ಬೆಳಿಗ್ಗೆ ಕಾರಿಗೂ ಸಿಲಿಂಡರಿಗೂ ಕುಂಕುಮವಿಟ್ಟು, ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಎಂಜಿನ್ನು ಗುಡುಗಿತು. ಚಕ್ರ ಉರುಳಿ ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಗೇಟು ತೆರೆದೇ ಇತ್ತು. ಯಜಮಾನರು ರಸ್ತೆಯತ್ತ ಒಮ್ಮೆ ನೋಡಿ, "ಸದ್ಯ, ಏನೂ ಆಗಲಿಲ್ಲ," ಎಂದು ಕಾರನ್ನು ಹಿಂದಕ್ಕೆ ತಂದು, ಇಳಿದು, ಬಟ್ಟೆ ಹೊದಿಸಿದರು.

ಹೊದಿಕೆಯೊಳಗೆ ಸಿಲಿಂಡರು ಕೇಳಿತು: "ಅಜ್ಜ, ಊರೆಂದರೆ ಇಷ್ಟೇನಾ?"

"ಅಲ್ಲಪ್ಪ, ಊರು ಬಹಳ ದೊಡ್ಡದು," ಎಂದಿತು ಕಾರು. "ಬರುವ ವರ್ಷ ಇನ್ನೂ ನಾಲ್ಕು ನಿಂಬೆಹಣ್ಣು ತರುತ್ತಾರೆ."