ದೊಡ್ಡ ಹಾಯಿಯ ಹಗ್ಗ

“ಅದು ಸೀರೆ ಒಣಗಿಸುವ ಹಗ್ಗವಲ್ಲ. ಆ ಹಾಯಿ ಹಿಡಿಯುವುದು ನಿನ್ನ ಕೈಲಾಗುವುದಿಲ್ಲ,” ಎಂದಿದ್ದ ವಾಮನ ತಾಂಡೇಲ. ಹಾಯಿದೋಣಿ ಪಂದ್ಯ ನಡೆಸುವವನು ಅವನೇ.

ಎಲ್ಲರೆದುರು ಅದನ್ನು ಕೇಳಿಸಿಕೊಂಡವಳು ಸುಗಂಧಿ. ದೋಣಿ ಕಲಿಸುವ ಗುಲಾಬಿಯ ಒಬ್ಬಳೇ ಶಿಷ್ಯೆ.

ವಾಮನನ ಷರತ್ತು ಒಂದೇ: ಅಳಿವೆಯಲ್ಲಿ ತೇಲುವ ಕೆಂಪು ಡ್ರಮ್ಮನ್ನು ಸುತ್ತಿ, ದೊಡ್ಡ ಹಾಯಿ ಬಿಚ್ಚಿಕೊಂಡು ಜೆಟ್ಟಿಗೆ ಬರಬೇಕು. ಬಂದರೆ ಪಂದ್ಯದಲ್ಲಿ ಜಾಗ. ಇಲ್ಲದಿದ್ದರೆ ಇಲ್ಲ.

ಗುಲಾಬಿ ಚುಕ್ಕಾಣಿ ಹಿಡಿದಳು. ಡ್ರಮ್ಮು ದಾಟಿದ್ದೇ ಗಾಳಿ ಬೆನ್ನಿಗೆ ಬಂತು. ಸುಗಂಧಿ ಹಾಯಿ ಏರಿಸಿದಳು. ಅದು ದೋಣಿಯ ಮುಂದೆ ತುಂಬು ಬಸುರಿಯ ಹೊಟ್ಟೆಯಂತೆ ಉಬ್ಬಿತು.

ಅವಳು ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಬಿಗಿಯಾಗಿ ಜಗ್ಗಿದಳು.

“ಸಡಿಲ ಬಿಡು.”

“ಬಿಟ್ಟರೆ ಕೈಲಾಗಲಿಲ್ಲ ಅಂತಾನೆ, ಅಕ್ಕ.”

“ಹಾಯಿಯ ಅಂಚು ನೋಡು. ಅದು ನಡುಗುವವರೆಗೂ ಬಿಡು. ನಡುಗಿದರೆ ಚೂರು ಎಳೆ.”

“ಅವನು ಜೆಟ್ಟಿ ಮೇಲೆ ನಿಂತು ನೋಡ್ತಾ ಇದ್ದಾನೆ.”

“ಗಾಳಿಗೆ ಅವನ ಪರಿಚಯವಿಲ್ಲ. ಬಿಡು!”

ಸುಗಂಧಿ ಹಲ್ಲು ಕಚ್ಚಿ ಇನ್ನಷ್ಟು ಎಳೆದಳು.

ಜೋರುಗಾಳಿ ಎರಗಿತು. ದೋಣಿ ಮಗ್ಗುಲಿಗೆ ವಾಲಿತು. ಚುಕ್ಕಾಣಿ ನೀರು ಬಿಟ್ಟು ಮೇಲೆದ್ದಿತು. ಈಗ ಬಿಡಬೇಕೆಂದರೂ ಆಗಲಿಲ್ಲ. ಹಗ್ಗ ಅವಳ ಅಂಗೈಯನ್ನು ಕಚ್ಚಿ ಹಿಡಿದಿತ್ತು.

ಗುಲಾಬಿ ಸೊಂಟದ ಚೂರಿ ತೆಗೆದು ಹಗ್ಗ ಕೊಯ್ದಳು.

ದೋಣಿ ನೆಟ್ಟಗಾಯಿತು. ಹಾಯಿ ಗಾಳಿಯಲ್ಲಿ ಪಟಪಟ ಬಡಿದುಕೊಂಡಿತು. ಜೆಟ್ಟಿಯಿಂದ ಸಿಳ್ಳೆ ಕೇಳಿಸಿತು.

“ನನ್ನ ಮಾನ ಕೊಯ್ದಿರಿ!” ಎಂದು ಕಿರುಚಿದಳು ಸುಗಂಧಿ.

“ಕೈ ಉಳಿಸಿದೆ. ಅತ್ತರೆ ನೀರಿಗೆ ತಳ್ಳುತ್ತೇನೆ. ಹಾಯಿ ಇಳಿಸು. ಉಳಿದ ಹಗ್ಗ ಕಟ್ಟಿ ಮತ್ತೆ ಏರಿಸು.”

“ಹಗ್ಗ ಮೊಟಕಾಯಿತು.”

“ಸುತ್ತಿಕೊಳ್ಳಲು ಸಾಲದು. ಹಿಡಿಯಲು ಸಾಕು.”

ಸುಗಂಧಿ ಬೈದುಕೊಳ್ಳುತ್ತಲೇ ಕಟ್ಟಿದಳು, ಏರಿಸಿದಳು. ಈ ಸಲ ಬಿಟ್ಟಳು. ಅಂಚು ನಡುಗಿತು, ಚೂರು ಎಳೆದಳು. ಮತ್ತೆ ಬಿಟ್ಟಳು. ಜೋರುಗಾಳಿ ಬಂದಾಗ ದೋಣಿ ವಾಲದಂತೆ ಗುಲಾಬಿ ಅದನ್ನು ಹಾಯಿ ಉಬ್ಬಿದ ಕಡೆಗೇ ತಿರುಗಿಸಿದಳು. ದೋಣಿ ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಜಾರತೊಡಗಿತು.

ದೋಣಿ ಜೆಟ್ಟಿ ಮುಟ್ಟಿದಾಗ ವಾಮನ ಮುಖ ಗಂಟಿಕ್ಕಿದ.

“ಗಾಳಿ ಚೆನ್ನಾಗಿತ್ತು, ಬಂದಳು. ಇರಲಿ, ಪಂದ್ಯಕ್ಕೆ ಸೇರಿಕೊಳ್ಳಲಿ.” ಅಷ್ಟು ಹೇಳಿ ಹೊರಟುಹೋದ.

ಸುಗಂಧಿಯ ಮೈ ಉರಿಯಿತು.

“ಕೇಳಿದಿರಾ ಅಕ್ಕ? ನನ್ನ ಕೈಲಾಯಿತು ಅಂತ ಈಗಲೂ ಒಪ್ಪಲಿಲ್ಲ! ಪಂದ್ಯ ಗೆದ್ದು ಅವನ ಬಾಯಿ ಮುಚ್ಚಿಸ್ತೇನೆ.”

ಗುಲಾಬಿ ಒದ್ದೆ ಹಾಯಿಯನ್ನು ಮುದುರಿ ಅವಳ ತೋಳಿಗೆ ಎಸೆದಳು.

“ನನಗೆ ಹಾಗೆ ಅಂದವನು ಇವನ ಅಪ್ಪ. ಗೆದ್ದು ಗೆದ್ದು ಅವನ ಬಾಯಿ ಮುಚ್ಚಿಸಿದೆ. ಈ ದೋಣಿ ನನ್ನದು, ಈ ಹಾಯಿ ನನ್ನದು. ಆದರೂ ಅವನು ಸತ್ತ ಮೇಲೆ, ಯಾರಿಗೆ ತೋರಿಸಲು ಹೊರಡಲಿ ಅಂತ ತಿಳಿಯದೆ, ಎರಡು ವರ್ಷ ದೋಣಿಯನ್ನು ಮರಳಿನಲ್ಲಿ ಬೋರಲು ಹಾಕಿದ್ದೆ.”