ಮಂಗಳ ಹಾಡದ ಆಟ

ಕಾಲ ಯಾವುದು ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಹೊಳೆಯ ದಂಡೆಗೆ ಕರಡಿಕೊಪ್ಪ ಅಂತ ಒಂದು ಊರು. ಊರಿಗೊಬ್ಬ ದೇಸಾಯಿ. ದೇಸಾಯಿಯ ಲಾಯದಲ್ಲಿ ಮೋನಪ್ಪ ಅಂತ ಒಬ್ಬ. ಕುದುರೆಗೆ ಔಷಧ ಮಾಡುವುದು ಅವನ ಕೆಲಸ. ಕುದುರೆಯ ಉಸಿರು ಕೇಳಿಯೇ ಜ್ವರ ಎಷ್ಟು ದಿನದ್ದು ಅಂತ ಹೇಳುತ್ತಿದ್ದನಂತೆ.

ಆದರೆ ಅವನ ಜೀವ ಇದ್ದದ್ದು ರಾತ್ರಿಯಿಡೀ ಆಡುವ ದೊಡ್ಡಾಟದಲ್ಲಿ. ಗೊರಸು ಕೆರೆಯುತ್ತ ಪದ ಕಟ್ಟುತ್ತಿದ್ದ, ಲಾಯದ ಗೋಡೆಗೆ ಇದ್ದಿಲಿನಿಂದ ಬರೆಯುತ್ತಿದ್ದ. ಹಾಗೆ ಕಟ್ಟಿದ್ದೇ ಬಾಯಿ ಹೊಲಿಸಿದ ರಾಜನ ಆಟ. ಒಬ್ಬ ರಾಜ, ಎದುರಾಡಿದವರ ಬಾಯಿ ಹೊಲಿಸುತ್ತಾನೆ. ಹೊಲಿಸುತ್ತ ಹೊಲಿಸುತ್ತ ಕಡೆಗೆ ಅವನ ಹೆಸರು ಹಿಡಿದು ಕರೆಯುವವರೇ ಉಳಿಯುವುದಿಲ್ಲ.

ದೇಸಾಯಿಯ ಕಿವಿಗೆ ಬಿತ್ತು. ಗೋಡೆಗೆ ಸುಣ್ಣ ಬಳಿಸಿದ. "ಕುದುರಿ ನೋಡೋ ಕೈ ಕುದುರಿ ನೋಡ್ಲಿ. ಇನ್ನೊಂದು ಪದ ಹೊರಗ ಬಿದ್ರ ಆ ಕೈ ಕಡಸ್ತೀನಿ" ಅಂದ. ಅಷ್ಟರಲ್ಲಿ ಆಚೆ ದಂಡೆಯ ಮಾವಿನಹಾಳದವರು ಆಟವನ್ನು ಬಾಯಿಪಾಠ ಮಾಡಿಕೊಂಡಾಗಿತ್ತು. ಅದು ಬೇರೆಯವರ ಸೀಮೆ, ಅಲ್ಲಿ ಆಟ ತಡೆಯುವ ಹಕ್ಕು ದೇಸಾಯಿಗಿರಲಿಲ್ಲ.

ಅಲ್ಲಿ ಆಟ ಆಡಲು ಒಂದು ದಿನ ಗೊತ್ತಾಯಿತು. ಕಟ್ಟಿದವನು ಮಾತ್ರ ತನ್ನ ಆಟವನ್ನು ಒಂದು ಸಲವೂ ಕಂಡವನಲ್ಲ. ಔಷಧದ ಬೇರು ಕೀಳಲು ಹೋಗುತ್ತೇನೆ ಅಂತ ಊರ ಅಗಸಿ ಬಾಗಿಲು ಕಾಯುವವನಿಗೆ ಸುಳ್ಳು ಹೇಳಿದ. ಹೆಂಡತಿ ಕಾಶವ್ವನಿಗೆ ನಿಜ ಹೇಳಿದ.

"ನೋಡಿ ಬರ್ರಿ, ಬ್ಯಾಡ ಅನ್ನೂದಿಲ್ಲ. ಬಾಯಿ ಮಾತ್ರ ಬಿಡಬ್ಯಾಡ್ರಿ" ಅಂದಳಂತೆ ಅವಳು. "ನಿಮ್ಮ ಬಾಯಿ ನನಗ ಗೊತ್ತೈತಿ."

ಮೊಣಕಾಲುದ್ದ ನೀರು ದಾಟಿ ಅವನು ಮುಟ್ಟುವಾಗ ಬೆಳಕು ಹರಿದಿತ್ತು, ಆಟ ಮುಗಿಯಲು ಬಂದಿತ್ತು, ರಾಜ ಕಡೆಯ ಸಲ ಬರುವುದೊಂದೇ ಉಳಿದಿತ್ತು. ನೋಡಿದರೆ ಮುಂದಿನ ಜಮಖಾನದ ಮೇಲೆ ದೇಸಾಯಿಯೇ ಆಗಷ್ಟೇ ಬಂದು ಕೂತಿದ್ದಾನೆ, ಮಾವಿನಹಾಳದವರ ಅತಿಥಿಯಾಗಿ. ಮೋನಪ್ಪ ಗಾಡಿಯ ಮರೆಗೆ ನಿಂತ.

ದೊಡ್ಡಾಟದಲ್ಲಿ ಒಂದು ಪದ್ಧತಿ ಇದೆ. ಆಟ ಆಡುವ ಅಟ್ಟದ ಮೇಲೆ ಯಾರೇ, ಎಷ್ಟು ಸಲ ಬರಲಿ, ಆಟ ನಡೆಸುವ ಸಾರಥಿ ಕೇಳುತ್ತಾನೆ: ತಾವು ಯಾರು? ಬಂದವನು ಹೆಸರು ಹೇಳಬೇಕು. ಹೇಳಿದ ಮೇಲೆ, ಕಡೆಯ ಮಂಗಳ ಹಾಡುವ ತನಕ ಅವನು ಆ ಹೆಸರಿನವನೇ. ಅದಕ್ಕೆ ಮೊದಲು ವೇಷದವನಿಗೆ ಕೈ ಹಚ್ಚಿದರೆ ಮನೆತನಕ್ಕೆ ಕೇಡು ಅಂತ ದೊಡ್ಡವರೂ ಹೆದರುತ್ತಿದ್ದರು.

ರಾಜನ ವೇಷ ಕುಂಬಾರ ದ್ಯಾಮಣ್ಣನದು. ಕಡೆಯ ಸಲ ಕಿರೀಟ ಇಟ್ಟುಕೊಂಡು ಬಂದ, ಎದುರಿಗೆ ದೇಸಾಯಿಯನ್ನು ಕಂಡ, ನಾಲಿಗೆ ಒಣಗಿತು. ಸಾರಥಿ ಮೂರು ಸಲ ಕೇಳಿದ. 

"ಏ ದ್ಯಾಮಣ್ಣ, ನಿನ್ನ ಬಾಯೂ ಹೊಲಿಸ್ಯಾರೇನೋ?" ಅಂತ ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ದೇಸಾಯಿಯೂ ನಕ್ಕ.

ಆ ನಗು ಮೋನಪ್ಪನಿಗೆ ತಡೆಯಲಾಗಲಿಲ್ಲ ಅನ್ನುತ್ತಾರೆ. ಸುಮ್ಮನಿದ್ದಿದ್ದರೆ ಕೈ ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು. ಲದ್ದಿಯ ವಾಸನೆಯ ಧೋತರದಲ್ಲೇ ಅಟ್ಟ ಹತ್ತಿದ. ಸಾರಥಿ ದ್ಯಾಮಣ್ಣನ ಕಿರೀಟ ತೆಗೆದು ಅವನ ತಲೆಗಿಟ್ಟ. ತಾವು ಯಾರು ಅಂತ ಕೇಳಿದ.

"ಊರಿಗೆಲ್ಲ ಬಾಯಿ ಹೊಲಿಸಿದ ರಾಜ ನಾನು. ನನ್ನ ಹೆಸರು ನನಗೇ ಮರೆತಿದೆ. ನಿಮ್ಮಲ್ಲಿ ಯಾರಾದರೂ ಹೇಳುವಿರಾ?"

ದೇಸಾಯಿ ಎದ್ದ. "ಮೋನ್ಯಾ, ಇಳಿ ಕೆಳಗ!"

ಸಾರಥಿ ಕೈ ಮುಗಿದ. "ಸಾಹೇಬ್ರ, ಮಂಗಳ ಆಗೂ ತನಕ ಇಲ್ಲಿ ಮೋನಪ್ಪ ಅನ್ನಾವ ಯಾರೂ ಇಲ್ರಿ."

ತನ್ನ ಆಳನ್ನು ಹಿಡಿದೊಯ್ಯಲು ದೇಸಾಯಿ ಮಂಗಳಕ್ಕೆ ಕಾದ. ಆಟ ಮುಗಿಯಿತು, ಹಿಮ್ಮೇಳದವರು ಮಂಗಳಕ್ಕೆ ಬಾಯಿ ತೆರೆಯಲಿಲ್ಲ. ಹೊತ್ತು ನೆತ್ತಿಗೆ ಬಂದರೂ ತೆರೆಯಲಿಲ್ಲ. ಮೋನಪ್ಪ ಕಿರೀಟ ಸಮೇತ ಅಟ್ಟ ಇಳಿದ. ಸಾರಥಿ ಮುಂದೆ, ಮದ್ದಳೆ ಹಿಂದೆ, ಜನ ಸುತ್ತಲೂ. ದೇಸಾಯಿಯ ಮುಂದಿನಿಂದಲೇ ನಡೆದು ಮಾವಿನಹಾಳದ ಆಚೆ ಬದಿಯ ಸೀಮೆಯ ಕಲ್ಲು ದಾಟಿದನಂತೆ.

ಮತ್ತೆ ಅವನು ಕರಡಿಕೊಪ್ಪ ಕಾಣಲಿಲ್ಲ. ವಾರದ ಮೇಲೆ ಕಾಶವ್ವ ಔಷಧದ ಚೀಲ ಹೊತ್ತು ಹೊಳೆ ದಾಟಿದಳು. ಮೋನಪ್ಪ ಊರೂರು ತಿರುಗಿ ಹನ್ನೆರಡು ಆಟ ಕಟ್ಟಿದ ಅನ್ನುವವರಿದ್ದಾರೆ, ಇಪ್ಪತ್ತು ಅನ್ನುವವರೂ ಇದ್ದಾರೆ. ಎಲ್ಲಿ ಸತ್ತ ಅಂತ ಯಾರೂ ಹೇಳುವುದಿಲ್ಲ.

ಮಾವಿನಹಾಳದಲ್ಲಿ ಈಗಲೂ ಆ ರಾಜನ ಆಟಕ್ಕೆ ಮಂಗಳ ಹಾಡುವುದಿಲ್ಲ. ಕಡೆಗೆ ಎಲ್ಲರೂ ಕೆಳಗಿಳಿಯುತ್ತಾರೆ. ಸಾರಥಿ ಬರಿದಾದ ಅಟ್ಟದ ಕಡೆ ತಿರುಗಿ, ತಾವು ಯಾರು ಅಂತ ಒಂದು ಸಲ ಕೇಳುತ್ತಾನೆ. ಜನ ಚಾಪೆ ಸುತ್ತಿಕೊಂಡು ಮನೆಗೆ ಹೋಗುತ್ತಾರೆ.